ಮತ ಹಾಕುವವರು ಮತ್ತು ಮತ ಎಣಿಸುವವರು: ಮನೆಮಾಲೀಕರ ಸಂಘಗಳ ಚುನಾವಣೆಯ ಇತಿಹಾಸ



ವೈದ್ಯರನ್ನು ಉಪನ್ಯಾಸಕ್ಕೆ ಕರೆದಾಗ ಅವರು ರಕ್ತದೊತ್ತಡವನ್ನೋ ಮಧುಮೇಹವನ್ನೋ ಕುರಿತು ಮಾತನಾಡುವರೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾವು ಈ ಸಲ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಇಲ್ಲಿ ಕುಳಿತಿರುವ ಅನೇಕ ಕುಟುಂಬಗಳು ತಮ್ಮ ತಮ್ಮ ಬಡಾವಣೆಯ ಮನೆಮಾಲೀಕರ ಸಂಘಕ್ಕೆ ತಪ್ಪದೆ ಶುಲ್ಕ ಕಟ್ಟುತ್ತವೆ. ಬಾಗಿಲಿಗೆ ಬಳಿಯುವ ಬಣ್ಣ, ಅಂಗಳದ ಹುಲ್ಲಿನ ಎತ್ತರ, ಹಿತ್ತಿಲಿನ ಬೇಲಿ ಇವೆಲ್ಲಕ್ಕೂ ಆ ಸಂಘದ ಅಪ್ಪಣೆ ಬೇಕು. ಶುಲ್ಕ ಬಾಕಿಯಾದರೆ ಮನೆಯ ಮೇಲೆ ಋಣಭಾರ ಹೊರಿಸುವ, ಅನೇಕ ರಾಜ್ಯಗಳಲ್ಲಿ ಮನೆಯನ್ನೇ ಹರಾಜಿಗೆ ತರುವ ಅಧಿಕಾರವೂ ಅದಕ್ಕಿದೆ. ಇಷ್ಟು ಅಧಿಕಾರವುಳ್ಳ ಆಡಳಿತ ಮಂಡಳಿಯನ್ನು ಯಾರು, ಯಾವ ರೀತಿ ಆರಿಸಿದರು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಕೆಲವು ವರ್ಷಗಳ ಹಿಂದೆ ನಮಗೂ ಉತ್ತರ ತಿಳಿದಿರಲಿಲ್ಲ.

ನಮ್ಮ ಅಜ್ಞಾನಕ್ಕೆ ನಾವು ತೆತ್ತ ದಂಡದಿಂದಲೇ ಆರಂಭಿಸುವುದು ಲೇಸು. ನಾವಿರುವ ಬಡಾವಣೆಯ ವಾರ್ಷಿಕ ಸಭೆ ನಡೆಯುತ್ತಿದ್ದುದು ವಾರದ ನಡುವಿನ ಒಂದು ಸಂಜೆ. ಆಸ್ಪತ್ರೆಯ ಕರ್ತವ್ಯದ ನೆಪ ಹೇಳಿ ನಾವು ಅದಕ್ಕೆ ಎಂದೂ ಹೋದವರಲ್ಲ. ಸಭೆಗೆ ಮುನ್ನ ಅಂಚೆಯಲ್ಲಿ ಒಂದು ಪ್ರಾಕ್ಸಿ ಪತ್ರ ಬರುತ್ತಿತ್ತು. ಅಂದರೆ ನಮ್ಮ ಪರವಾಗಿ ಮತ ಹಾಕಲು ಮತ್ತೊಬ್ಬರಿಗೆ ಅಧಿಕಾರ ಕೊಡುವ ಚೀಟಿ. ನಾವು ಅದಕ್ಕೆ ಸಹಿ ಮಾಡಿ, ಪ್ರತಿನಿಧಿಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಹಿಂದಕ್ಕೆ ಕಳುಹಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಹೀಗೆ ಹಲವು ವರ್ಷ ಕಳೆಯಿತು. ಒಂದು ವರ್ಷ, ರಸ್ತೆ ಮತ್ತು ಚರಂಡಿಯ ದುರಸ್ತಿಗೆಂದು ಪ್ರತಿ ಮನೆಗೂ ಭಾರಿ ಮೊತ್ತದ ವಿಶೇಷ ವಂತಿಗೆ ವಿಧಿಸಿದ ಪತ್ರ ಬಂದಿತು. ಬೇರೆ ಯಾರಿಂದಲೂ ದರ ವಿಚಾರಿಸದೆ ಗುತ್ತಿಗೆ ಕೊಡಲಾಗಿತ್ತು. ನಾವು ಸಿಟ್ಟಿನಿಂದ ಸಂಘದ ಕಚೇರಿಗೆ ಹೋಗಿ, ಈ ಮಂಡಳಿಗೆ ಮತ ಹಾಕಿದವರಾದರೂ ಯಾರು ಎಂದು ಕೇಳಿದೆವು. ಅಲ್ಲಿದ್ದವರು ಸಮಾಧಾನದಿಂದ ಕಡತ ತೆರೆದು ತೋರಿಸಿದರು. ಅದರಲ್ಲಿ ನಮ್ಮದೇ ಸಹಿ ಇತ್ತು. ಖಾಲಿ ಬಿಟ್ಟ ಜಾಗದಲ್ಲಿ ಮಂಡಳಿಯ ಅಧ್ಯಕ್ಷರ ಹೆಸರು ತುಂಬಿತ್ತು. ಬೈಲಾದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಇಂಥ ನಿಯಮ ಎಲ್ಲಿಂದ ಹುಟ್ಟಿತು ಎಂದು ಹುಡುಕುತ್ತ ಹೋದದ್ದರ ಫಲವೇ ಈ ಉಪನ್ಯಾಸ.

ಬೀಗ ಹಾಕಿದ ಉದ್ಯಾನ

ನ್ಯೂಯಾರ್ಕ್ ನಗರದ ಗ್ರಾಮರ್ಸಿ ಪಾರ್ಕ್ ಇಂದಿಗೂ ಬೀಗ ಹಾಕಿದ ಉದ್ಯಾನ. ೧೮೩೧ರಲ್ಲಿ ಸ್ಯಾಮ್ಯುಯೆಲ್ ರಗಲ್ಸ್ ಎಂಬುವರು ಅದನ್ನು ಸುತ್ತಲಿನ ನಿವೇಶನಗಳ ಒಡೆಯರ ಉಪಯೋಗಕ್ಕೆಂದು ಟ್ರಸ್ಟಿಗಳ ವಶಕ್ಕೆ ಕೊಟ್ಟರು. ನಿರ್ವಹಣೆಯ ಖರ್ಚು ಆ ಒಡೆಯರದು, ಕೀಲಿಕೈಯೂ ಅವರದೇ. ೧೮೪೪ರಲ್ಲಿ ಬಾಸ್ಟನ್ನಿನ ಲೂಯಿಸ್‌ಬರ್ಗ್ ಚೌಕದ ಮನೆಯವರು ನಡುವಿನ ಹಸಿರು ಜಾಗವನ್ನು ತಾವೇ ನೋಡಿಕೊಳ್ಳಲು ಲಿಖಿತ ಒಪ್ಪಂದ ಮಾಡಿಕೊಂಡರು. ಅಮೆರಿಕದ ಮೊದಲ ಮನೆಮಾಲೀಕರ ಸಂಘವೆಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ೧೮೪೮ರಲ್ಲಿ, ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನಕ್ಕೆ ಸಂಬಂಧಿಸಿದ ಟಲ್ಕ್ ಮತ್ತು ಮಾಕ್ಸ್‌ಹೇ ಎಂಬ ಮೊಕದ್ದಮೆಯಲ್ಲಿ, ಅಲ್ಲಿನ ಚಾನ್ಸರಿ ನ್ಯಾಯಾಲಯ ಒಂದು ಮುಖ್ಯ ತತ್ತ್ವವನ್ನು ಎತ್ತಿಹಿಡಿಯಿತು. ಭೂಮಿಯನ್ನು ಮಾರುವಾಗ ಹಾಕಿದ ನಿರ್ಬಂಧ, ಅದನ್ನು ತಿಳಿದೂ ಕೊಂಡ ಮುಂದಿನ ಖರೀದಿದಾರನಿಗೂ ಅನ್ವಯಿಸುತ್ತದೆ ಎಂಬುದೇ ಆ ತತ್ತ್ವ. ಮನೆ ಕೊಳ್ಳುವಾಗ ನಮ್ಮ ಮುಂದೆ ಇಡುವ ನೂರಾರು ಪುಟಗಳ ಕರಾರುಪತ್ರದ ಬೇರು ಇಲ್ಲಿದೆ.

ಹತ್ತಿಪ್ಪತ್ತು ಮನೆಯವರು ಒಂದೇ ಮೇಜಿನ ಸುತ್ತ ಕುಳಿತು ಮಾತನಾಡಬಹುದಾದ ಕಾಲದಲ್ಲಿ ಚುನಾವಣೆಯ ವಿಧಾನ ಒಂದು ಸಮಸ್ಯೆಯೇ ಆಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾನ್ಸಸ್ ಸಿಟಿಯ ಜೆ. ಸಿ. ನಿಕೊಲ್ಸ್‌ರಂತಹ ಡೆವಲಪರುಗಳು ಸಾವಿರಾರು ಮನೆಗಳ ಬಡಾವಣೆಗಳನ್ನು ಕಟ್ಟಿ, ತಾವಾಗಿಯೇ ನವೀಕರಣಗೊಳ್ಳುವ ಕರಾರುಗಳನ್ನು ಬರೆಸಿ, ಅವುಗಳನ್ನು ಜಾರಿಮಾಡುವ ಕೆಲಸವನ್ನು ಸಂಘಗಳಿಗೆ ಒಪ್ಪಿಸಿದರು. ಆಗ ಸಂಘದ ಸ್ವರೂಪವೇ ಬದಲಾಯಿತು.

ಹೊರಗಿಟ್ಟವರ ಕಥೆ

ಆ ಕರಾರುಗಳು ಹುಲ್ಲು, ಬೇಲಿಗಳಿಗೆ ಮಾತ್ರ ಸಂಬಂಧಿಸಿದ್ದವಲ್ಲ. ೧೯೧೧ರಲ್ಲಿ ಸೇಂಟ್ ಲೂಯಿಸ್ ನಗರದ ಲಬಾಡಿ ಅವೆನ್ಯೂ ಎಂಬ ಬೀದಿಯಲ್ಲಿ ೩೯ ಮಾಲೀಕರ ಪೈಕಿ ೩೦ ಮಂದಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನೀಗ್ರೋ ಅಥವಾ ಮಂಗೋಲಿಯನ್ ಜನಾಂಗದವರು ಐವತ್ತು ವರ್ಷಗಳ ಕಾಲ ಆ ಮನೆಗಳಲ್ಲಿ ವಾಸಿಸಕೂಡದು ಎಂಬುದು ಅದರ ತಿರುಳು. ೧೯೪೫ರಲ್ಲಿ ಶೆಲಿ ಎಂಬ ಕಪ್ಪು ವರ್ಣದ ಕುಟುಂಬ ಅಲ್ಲೊಂದು ಮನೆಯನ್ನು ಕೊಂಡಿತು. ಕ್ರೇಮರ್ ಎಂಬ ಮಾಲೀಕರು ಅವರನ್ನು ಹೊರಹಾಕಲು ಮೊಕದ್ದಮೆ ಹೂಡಿದರು. ೧೯೪೮ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಕರಾರುಗಳನ್ನು ಜಾರಿಗೊಳಿಸಲು ನ್ಯಾಯಾಲಯಗಳು ತಮ್ಮ ಅಧಿಕಾರವನ್ನು ಬಳಸುವಂತಿಲ್ಲವೆಂದು ೬-೦ ಮತಗಳಿಂದ ತೀರ್ಪಿತ್ತಿತು. ಮೂವರು ನ್ಯಾಯಮೂರ್ತಿಗಳು ಆ ವಿಚಾರಣೆಯಲ್ಲಿ ಭಾಗವಹಿಸಲಿಲ್ಲ.

ಈ ಕಥೆ ನಮ್ಮವರಿಗೂ ಸಂಬಂಧಿಸಿದ್ದು. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು, ಪೌರತ್ವ ಕಾನೂನಿನ ದೃಷ್ಟಿಯಲ್ಲಿ ಭಾರತೀಯರು ಬಿಳಿಯರಲ್ಲವೆಂದು ತೀರ್ಮಾನಿಸಿತ್ತು. ಬಿಳಿಯರಿಗೆ ಮಾತ್ರ ಎಂದು ಬರೆದ ಕರಾರುಗಳ ಬಾಗಿಲು ನಮ್ಮವರಿಗೂ ಮುಚ್ಚಿದ್ದಿತು. ಮನೆಯ ಮಾರಾಟದಲ್ಲಿ ವರ್ಣಭೇದವನ್ನು ನಿಷೇಧಿಸಿದ ಫೇರ್ ಹೌಸಿಂಗ್ ಕಾಯ್ದೆ ೧೯೬೮ರದು. ನೆರೆಹೊರೆಯವರು ಸಹಿ ಹಾಕಿದ ಖಾಸಗಿ ಕಾಗದವೊಂದು ಎಷ್ಟು ಬಲವುಳ್ಳದ್ದಾಗಬಹುದೆಂಬುದನ್ನು ಮರೆಯಬಾರದೆಂದು ಇಷ್ಟನ್ನು ಹೇಳಿದೆವು. ಅದೇ ಬಗೆಯ ಕಾಗದದ ಅಧೀನದಲ್ಲಿ ಇಂದು ನಾವು ಮಾಲೀಕರಾಗಿ ವಾಸಿಸುತ್ತಿದ್ದೇವೆ. ಅಂದು ಸಹಿ ಹಾಕುವ ಹಕ್ಕೇ ಇಲ್ಲದವರ ಪಾಲಿಗೆ ಇಂದು ಮತದ ಹಕ್ಕು ಬಂದಿದೆ. ಅದನ್ನು ಖಾಲಿ ಚೀಟಿಯಾಗಿ ಕಳುಹಿಸಿದವರು ನಾವು.

ಕಂಪನಿಯ ರೂಪ, ಊರಿನ ಕೆಲಸ

೧೯೨೯ರಲ್ಲಿ ನ್ಯೂಜರ್ಸಿಯ ಫೇರ್ ಲಾನ್‌ನಲ್ಲಿ ರ‍್ಯಾಡ್‌ಬರ್ನ್ ಎಂಬ ಬಡಾವಣೆ ತಲೆಯೆತ್ತಿತು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬ ವಾಸ್ತುಶಿಲ್ಪಿಗಳು ಮೋಟಾರು ಯುಗಕ್ಕೆ ಹೊಂದುವ ಊರೆಂದು ಅದನ್ನು ಯೋಜಿಸಿದರು. ಕಾಲುದಾರಿ ಮತ್ತು ವಾಹನಗಳ ದಾರಿ ಬೇರೆ ಬೇರೆಯಾದ, ಮಕ್ಕಳು ರಸ್ತೆ ದಾಟದೆ ಶಾಲೆಗೆ ಹೋಗಬಹುದಾದ ಆ ಬಡಾವಣೆಯನ್ನು ನಗರಯೋಜನೆಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆದರೆ ಅದರ ಆಡಳಿತವನ್ನು ರೂಪಿಸಿದ ವಕೀಲ ಚಾರ್ಲ್ಸ್ ಆಷರ್ ಅವರ ಕಾಗದಪತ್ರಗಳನ್ನು ಓದುವವರು ಕಡಿಮೆ. ಆ ವ್ಯವಸ್ಥೆಯಲ್ಲಿ ಸಂಘದ ಸದಸ್ಯರೆಂದರೆ ಹಾಲಿ ಮತ್ತು ಮಾಜಿ ಟ್ರಸ್ಟಿಗಳು ಮಾತ್ರ. ಮನೆಯವರೆಲ್ಲ ಶುಲ್ಕ ಕಟ್ಟಬೇಕು, ನಿಯಮಕ್ಕೆ ತಲೆಬಾಗಬೇಕು. ಆದರೆ ಯಾರನ್ನು ಕಣಕ್ಕಿಳಿಸಬೇಕೆಂಬುದು ಟ್ರಸ್ಟಿಗಳ ಕೈಯಲ್ಲಿತ್ತು.

ಎರಡನೆಯ ಮಹಾಯುದ್ಧದ ಅನಂತರ ಭೂಮಿಯ ಬೆಲೆ ಏರಿ, ಉದ್ಯಾನ, ಈಜುಕೊಳಗಳನ್ನು ಹಂಚಿಕೊಂಡ ಬಡಾವಣೆಗಳು ಹೆಚ್ಚಿದವು. ೧೯೬೧ರ ವಸತಿ ಕಾನೂನಿನಿಂದಾಗಿ ಫೆಡರಲ್ ಸರ್ಕಾರದ ಸಾಲವಿಮೆ ಕಾಂಡೋಮಿನಿಯಂಗಳಿಗೂ ದೊರೆಯಿತು. ೧೯೬೪ರಲ್ಲಿ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಮನೆಮಾಲೀಕರ ಸಂಘಗಳ ಬಗೆಗೆ ಒಂದು ದೊಡ್ಡ ಕೈಪಿಡಿಯನ್ನು ಪ್ರಕಟಿಸಿತು. ಸಂಘಗಳ ರಾಷ್ಟ್ರೀಯ ಸಂಸ್ಥೆಯೊಂದು ೧೯೭೩ರಲ್ಲಿ ಸ್ಥಾಪನೆಯಾಯಿತು. ಅದರ ಅಂದಾಜಿನಂತೆ ೧೯೭೦ರಲ್ಲಿ ಸುಮಾರು ೧೦,೦೦೦ ಇದ್ದ ಇಂಥ ಸಮುದಾಯಗಳ ಸಂಖ್ಯೆ ಈಗ ೩,೫೦,೦೦೦ವನ್ನು ಮೀರಿದೆ. ಅವುಗಳಲ್ಲಿ ಏಳು ಕೋಟಿಗೂ ಹೆಚ್ಚು ಜನ ವಾಸಿಸುತ್ತಾರೆ.

ಈ ಸಂಘಗಳು ಮಾಡುವ ಕೆಲಸ ಒಂದು ಊರಿನ ಪುರಸಭೆಯದು: ರಸ್ತೆ, ದೀಪ, ಕಸ, ತೆರಿಗೆಯಂತಹ ಶುಲ್ಕ, ದಂಡ. ಆದರೆ ಅವು ಕಾನೂನಿನ ಕಣ್ಣಿಗೆ ಲಾಭರಹಿತ ಕಂಪನಿಗಳು. ಆದ್ದರಿಂದಲೇ ಅವುಗಳ ಚುನಾವಣೆ ಪುರಸಭೆಯ ಚುನಾವಣೆಯನ್ನು ಹೋಲದೆ ಷೇರುದಾರರ ಸಭೆಯನ್ನು ಹೋಲುತ್ತದೆ. ಮತ ವ್ಯಕ್ತಿಗಲ್ಲ, ನಿವೇಶನಕ್ಕೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಮತ, ಬಾಡಿಗೆದಾರರಿಗೆ ಮತವೇ ಇಲ್ಲ, ಮೂರು ಮನೆ ಉಳ್ಳವರಿಗೆ ಮೂರು ಮತ. ಅನೇಕ ಬೈಲಾಗಳಲ್ಲಿ ಡೆವಲಪರ್ ಮಾರದೆ ಉಳಿಸಿಕೊಂಡ ಪ್ರತಿ ನಿವೇಶನಕ್ಕೂ ಮೂರು ಮತಗಳು; ಬಡಾವಣೆಯ ಬಹುಭಾಗ ಮಾರಾಟವಾಗುವವರೆಗೆ ಮಂಡಳಿ ಅವನ ಕೈಯಲ್ಲಿಯೇ ಇರುತ್ತದೆ. ಷೇರುದಾರರು ದೂರದೂರದಲ್ಲಿರುವುದರಿಂದ ಕಂಪನಿಗಳಿಗೆ ಪ್ರಾಕ್ಸಿ ಅಗತ್ಯವಾಗಿತ್ತು. ಅದೇ ಪ್ರಾಕ್ಸಿ ಎದುರು ಮನೆಯಲ್ಲಿರುವವರ ಸಂಘಕ್ಕೂ ಬಂದು ಸೇರಿತು. ಸಭಾ ನಡವಳಿಕೆಯ ಪ್ರಸಿದ್ಧ ಗ್ರಂಥವಾದ, ೧೮೭೬ರಲ್ಲಿ ಮೊದಲು ಪ್ರಕಟವಾದ ಹೆನ್ರಿ ರಾಬರ್ಟ್ ಅವರ ನಿಯಮಾವಳಿ, ಚರ್ಚಿಸಿ ತೀರ್ಮಾನಿಸುವ ಸಭೆಗಳಿಗೆ ಪ್ರಾಕ್ಸಿ ಹೊಂದುವುದಿಲ್ಲವೆಂದೇ ಹೇಳುತ್ತದೆ. ಸಂಘಗಳು ಆ ಗ್ರಂಥವನ್ನು ತಮ್ಮ ಪ್ರಮಾಣವೆಂದು ಬೈಲಾದಲ್ಲಿ ಬರೆದುಕೊಂಡು, ಪ್ರಾಕ್ಸಿಯನ್ನೂ ಉಳಿಸಿಕೊಂಡವು.

ಮತ್ತೊಂದು ತೊಡಕು ಕೋರಂನದು. ಸದಸ್ಯರಲ್ಲಿ ಇಷ್ಟು ಪಾಲು ಹಾಜರಿರದಿದ್ದರೆ ಚುನಾವಣೆಯೇ ಇಲ್ಲ. ಚುನಾವಣೆ ನಡೆಯದಿದ್ದರೆ ಹಳೆಯ ಮಂಡಳಿಯೇ ಮುಂದುವರಿಯುತ್ತದೆ. ಅಂದರೆ ಜನ ಬಾರದಿದ್ದರೆ ಅನುಕೂಲ ಯಾರಿಗೆಂಬುದು ಸ್ಪಷ್ಟ. ಮಂಡಳಿಯೇ ನೇಮಿಸಿದ ಸಮಿತಿ ಅಭ್ಯರ್ಥಿಗಳನ್ನು ಸೂಚಿಸುವುದು, ಮಂಡಳಿಯ ಕೈಕೆಳಗಿನ ವ್ಯವಸ್ಥಾಪಕರೇ ಮತಪತ್ರ ಅಂಚೆಗೆ ಹಾಕುವುದು, ಅವರೇ ತೆರೆಯುವುದು, ಅವರೇ ಎಣಿಸುವುದು ಇವೆಲ್ಲ ದುರುದ್ದೇಶದಿಂದಲೇ ಹುಟ್ಟಿದವೆಂದು ನಾವು ಹೇಳುವುದಿಲ್ಲ. ಸಂಬಳವಿಲ್ಲದೆ ದುಡಿಯುವ ಮಂಡಳಿಯ ಸದಸ್ಯರು ಬಹುಪಾಲು ಸಜ್ಜನರೇ. ಆದರೆ ಸಜ್ಜನರು ಗೆದ್ದರೂ ಸೋತವರಿಗೆ ನಂಬಿಕೆ ಬಾರದ ವಿಧಾನ ಅದು.

ಎರಡು ಲಕೋಟೆಗಳು

ಸರ್ಕಾರಿ ಚುನಾವಣೆಗಳಲ್ಲಿ ಗುಪ್ತ ಮತದಾನ ೧೮೫೬ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಕಾನೂನಾಗಿ, ೧೮೮೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದಿತ್ತು. ಮನೆಮಾಲೀಕರ ಸಂಘಗಳಿಗೆ ಅದು ತಲುಪಲು ಮತ್ತೆ ನೂರು ವರ್ಷ ಬೇಕಾಯಿತು. ೧೯೯೦ರ ದಶಕದ ಆರಂಭದಲ್ಲಿ ಫ್ಲೋರಿಡಾ ರಾಜ್ಯ ಕಾಂಡೋಮಿನಿಯಂಗಳ ಮಂಡಳಿ ಚುನಾವಣೆಯಲ್ಲಿ ಪ್ರಾಕ್ಸಿಯನ್ನು ನಿಷೇಧಿಸಿ ಮತಪತ್ರವನ್ನು ಕಡ್ಡಾಯ ಮಾಡಿತು. ಅಲ್ಲಿ ಮಂಡಳಿಯ ಚುನಾವಣೆಗೆ ಕೋರಂ ಇಲ್ಲ. ಅರ್ಹ ಮತದಾರರಲ್ಲಿ ಶೇಕಡಾ ೨೦ರಷ್ಟು ಜನ ಮತ ಹಾಕಿದರೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಸಂಘಗಳ ಮೂಲ ಕಾನೂನಾದ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ೧೯೮೫ರದು. ಚುನಾವಣೆಯ ವಿವರಗಳು ಬಂದುದು ೨೦೦೫ರ ತಿದ್ದುಪಡಿಯಲ್ಲಿ; ೨೦೦೬ರ ಜುಲೈ ೧ರಿಂದ ಅದು ಜಾರಿಗೆ ಬಂದಿತು. ಮತಪತ್ರ ಮತ್ತು ಎರಡು ಲಕೋಟೆಗಳನ್ನು ಕಡೆಯ ದಿನಕ್ಕೆ ಕನಿಷ್ಠ ೩೦ ದಿನ ಮೊದಲೇ ಪ್ರತಿ ಸದಸ್ಯರಿಗೂ ಕಳುಹಿಸಬೇಕು. ಮತಪತ್ರ ಒಳಲಕೋಟೆಯಲ್ಲಿ, ಅದರ ಮೇಲೆ ಹೆಸರಿಲ್ಲ, ಸಹಿಯಿಲ್ಲ. ಅದನ್ನು ಹೊರಲಕೋಟೆಯಲ್ಲಿಟ್ಟು, ಇದರ ಮೇಲೆ ಹೆಸರು, ವಿಳಾಸ ಬರೆದು ಸಹಿ ಮಾಡಬೇಕು. ಹೊರಲಕೋಟೆಯಿಂದ ಮತ ಹಾಕಿದವರು ಅರ್ಹರೆಂದು ತಿಳಿಯುತ್ತದೆ. ಒಳಲಕೋಟೆಯಿಂದ ಯಾರಿಗೆ ಹಾಕಿದರೆಂಬುದು ಗುಟ್ಟಾಗಿ ಉಳಿಯುತ್ತದೆ. ಇವುಗಳನ್ನು ಸ್ವೀಕರಿಸಿ ಕಾಯುವವರು ಒಬ್ಬ ಅಥವಾ ಮೂವರು ಚುನಾವಣಾ ಪರಿವೀಕ್ಷಕರು. ಅವರು ಮಂಡಳಿಯ ಸದಸ್ಯರಾಗಿರಬಾರದು, ಅಭ್ಯರ್ಥಿಗಳಾಗಿರಬಾರದು, ಅವರ ಬಂಧುಗಳೂ ಆಗಿರಬಾರದು. ಎಣಿಕೆ ಸದಸ್ಯರ ಕಣ್ಣೆದುರಿಗೆ ಬಹಿರಂಗ ಸಭೆಯಲ್ಲಿ ನಡೆಯಬೇಕು.

ಇದನ್ನು ಓದಿದಾಗ ನಮಗೆ ಶಸ್ತ್ರಚಿಕಿತ್ಸೆಯ ಕೊಠಡಿ ನೆನಪಾಯಿತು. ಹೊಟ್ಟೆ ಕೊಯ್ದು ಮತ್ತೆ ಹೊಲಿಯುವ ಮುನ್ನ ಒಳಗೆ ಬಳಸಿದ ಹತ್ತಿಬಟ್ಟೆಗಳನ್ನು ಎಣಿಸುತ್ತಾರೆ. ಎಣಿಸುವವರು ಶಸ್ತ್ರವೈದ್ಯರಲ್ಲ; ಇಬ್ಬರು ದಾದಿಯರು ಒಟ್ಟಿಗೆ, ಗಟ್ಟಿಯಾಗಿ ಎಣಿಸುತ್ತಾರೆ. ಶಸ್ತ್ರವೈದ್ಯರ ಪ್ರಾಮಾಣಿಕತೆಯ ಮೇಲಿನ ಸಂದೇಹದಿಂದ ಹೀಗೆ ಮಾಡುವುದಲ್ಲ. ಕೆಲಸ ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಬೀಳುವುದು ಕಷ್ಟ. ಲೆಕ್ಕ ಸರಿಬಂದರೆ ಶಸ್ತ್ರವೈದ್ಯರಿಗೂ ನೆಮ್ಮದಿ, ರೋಗಿಗೂ ಕ್ಷೇಮ. ಪರಿವೀಕ್ಷಕರನ್ನು ಬೇಡುವವರು ಮಂಡಳಿಯನ್ನು ಅವಮಾನಿಸುತ್ತಿಲ್ಲವೆಂಬುದನ್ನು ನಾವು ಸಂಘದ ಸಭೆಯಲ್ಲಿ ಇದೇ ಉದಾಹರಣೆಯಿಂದ ವಿವರಿಸಿದ್ದುಂಟು.

ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯಾದ ಕಾನೂನು ಹಲವು ಸಲ ತಿದ್ದುಪಡಿಗೊಂಡಿದೆ. ೨೦೨೦ರಿಂದ ಯಾವ ಸದಸ್ಯರಿಗೂ ಮತಪತ್ರವನ್ನು ನಿರಾಕರಿಸುವಂತಿಲ್ಲ. ದಂಡ ಕಟ್ಟಿಲ್ಲವೆಂಬ ಕಾರಣಕ್ಕೆ ಉಮೇದುವಾರರನ್ನು ಅನರ್ಹಗೊಳಿಸುವಂತಿಲ್ಲ. ತನ್ನನ್ನು ಟೀಕಿಸುವವರ ಮೇಲೆ ಮಂಡಳಿ ದಂಡ ಹಾಕಿ ಕಣದಿಂದ ದೂರವಿಡುವ ಹಾದಿ ಇದರಿಂದ ಮುಚ್ಚಿತು. ೨೦೨೩ರ ತಿದ್ದುಪಡಿ ಕೋರಂನ ಗಂಟನ್ನು ಸಡಿಲಿಸಿತು: ಮೊದಲ ಸಭೆಗೆ ಕೋರಂ ಸಿಗದಿದ್ದರೆ ಕನಿಷ್ಠ ೨೦ ದಿನಗಳ ಅನಂತರ ಶೇಕಡಾ ೨೦ರ ಕೋರಂನೊಂದಿಗೆ ಸಭೆಯನ್ನು ಮತ್ತೆ ನಡೆಸಬಹುದು. ೨೦೨೪ರಲ್ಲಿ ಅಂಗೀಕಾರವಾದ ಕಾನೂನಿನಂತೆ, ೨೦೨೫ರಿಂದ ಗುಪ್ತ ಮತವನ್ನು ಕಂಪ್ಯೂಟರಿನ ಮೂಲಕ ಪಡೆಯಲೂ ಅವಕಾಶವಾಗಿದೆ.

ರ‍್ಯಾಡ್‌ಬರ್ನ್ ಏನಾಯಿತು? ೨೦೦೬ರಲ್ಲಿ ಅಲ್ಲಿನ ಕೆಲವು ನಿವಾಸಿಗಳು, ತಮಗೂ ಸಂಘದ ಪೂರ್ಣ ಸದಸ್ಯತ್ವ ಬೇಕೆಂದು ನ್ಯಾಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಬಯಸಿದ ಪರಿಹಾರ ಸಿಗಲಿಲ್ಲ. ಅವರು ಅಷ್ಟಕ್ಕೇ ನಿಲ್ಲದೆ ಶಾಸನಸಭೆಯ ಕದ ತಟ್ಟಿದರು. ೨೦೧೭ರಲ್ಲಿ ನ್ಯೂಜರ್ಸಿ ಹೊಸ ಕಾನೂನು ಮಾಡಿತು. ಮನೆ ಉಳ್ಳವರೆಲ್ಲರೂ ಸಂಘದ ಸದಸ್ಯರು. ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಸೂಚಿಸಬಹುದು, ಮತ ಹಾಕಬಹುದು. ಇದು ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು, ಆದರೆ ಜನ ಅದನ್ನು ರ‍್ಯಾಡ್‌ಬರ್ನ್ ಕಾನೂನು ಎಂದೇ ಕರೆಯುತ್ತಾರೆ. ೧೯೨೯ರ ಕಾಗದವನ್ನು ತಿದ್ದಲು ಎಂಬತ್ತೆಂಟು ವರ್ಷ ಬೇಕಾಯಿತು.

ಲಾಸ್ ವೇಗಸ್‌ನ ಪಾಠ

ನಿಯಮ ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಭಾವಿಸಬಾರದು. ಸುಮಾರು ೨೦೦೩ರಿಂದ ೨೦೦೯ರವರೆಗೆ ಲಾಸ್ ವೇಗಸ್ ಸುತ್ತಮುತ್ತ ಒಂದು ಕೂಟ ಹಲವು ಸಂಘಗಳ ಮಂಡಳಿಗಳನ್ನು ವಶಪಡಿಸಿಕೊಂಡಿತು. ಅವರ ಕ್ರಮ ಹೀಗಿತ್ತು: ತಮ್ಮ ಕಡೆಯವರ ಹೆಸರಿನಲ್ಲಿ ಮನೆ ಕೊಳ್ಳುವುದು, ಅವರನ್ನು ಚುನಾವಣೆಗೆ ನಿಲ್ಲಿಸುವುದು, ಗೆದ್ದ ಮೇಲೆ ಕಟ್ಟಡದ ದೋಷಗಳ ದುರಸ್ತಿಯ ಗುತ್ತಿಗೆಯನ್ನೂ ಮೊಕದ್ದಮೆಗಳನ್ನೂ ತಮ್ಮವರಿಗೇ ಕೊಡಿಸುವುದು. ಊರಿನಲ್ಲಿಲ್ಲದ ಮಾಲೀಕರ ಹೆಸರಿನಲ್ಲಿ ಸುಳ್ಳು ಮತಪತ್ರಗಳು ಸಿದ್ಧವಾದವು. ಚುನಾವಣೆಯನ್ನು ನಿಷ್ಪಕ್ಷಪಾತವಾಗಿ ನಡೆಸಿಕೊಡಲೆಂದು ನೇಮಿಸಿದ ವಕೀಲರೇ ಆ ಕೂಟಕ್ಕೆ ಸೇರಿದವರಾಗಿದ್ದರು. ಫೆಡರಲ್ ತನಿಖೆಯಿಂದ ನಲವತ್ತಕ್ಕೂ ಹೆಚ್ಚು ಮಂದಿಯ ಅಪರಾಧ ಸಾಬೀತಾಯಿತು; ಮುಖ್ಯ ಅಪರಾಧಿಗೆ ೨೦೧೫ರಲ್ಲಿ ಹದಿನೈದು ವರ್ಷಗಳಿಗೂ ಮೀರಿದ ಸೆರೆಮನೆ ವಾಸದ ಶಿಕ್ಷೆಯಾಯಿತು.

ಇಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದು, ಸಭೆಗೆ ಬಾರದ ಮಾಲೀಕರ ಮತವೇ ಕಳ್ಳರಿಗೆ ಬಂಡವಾಳವಾಯಿತು. ಎರಡನೆಯದು, ಪರಿವೀಕ್ಷಕರೆಂಬ ಹೆಸರಿದ್ದರೆ ಸಾಲದು. ಅವರನ್ನು ಯಾರು ನೇಮಿಸಿದರು, ಲಕೋಟೆಗಳು ಯಾರ ವಶದಲ್ಲಿದ್ದವು ಎಂದು ವಿಚಾರಿಸುವ ನೆರೆಹೊರೆಯವರೂ ಬೇಕು.

ನಾವು ಮಾಡಬಹುದಾದದ್ದು

ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಯಾಗಿರುವುದರಿಂದ ಎಲ್ಲರಿಗೂ ಒಂದೇ ಔಷಧಿ ಬರೆದುಕೊಡಲಾಗದು. ಆದರೂ ಹೆಚ್ಚಿನ ಸಂಘಗಳು ತಮ್ಮ ಬೈಲಾ ಅಥವಾ ಚುನಾವಣಾ ನಿಯಮಗಳನ್ನು ತಿದ್ದಿಕೊಂಡು ಮಾಡಬಹುದಾದ ಕೆಲವು ಸುಧಾರಣೆಗಳಿವೆ. ಚುನಾವಣೆಯ ದಿನಾಂಕವನ್ನು, ನಾಮಪತ್ರದ ಕಡೆಯ ದಿನವನ್ನು ಮುಂಚಿತವಾಗಿ ಎಲ್ಲರಿಗೂ ತಿಳಿಸಬೇಕು. ಸದಸ್ಯರು ತಮ್ಮ ಹೆಸರನ್ನು ತಾವೇ ಸೂಚಿಸಲು ಅವಕಾಶವಿರಬೇಕು. ಹಾಲಿ ಸದಸ್ಯರಿಗೆ ಸಂಘದ ಪತ್ರಿಕೆಯಲ್ಲಿ ಜಾಗ ಕೊಟ್ಟರೆ ಎದುರಾಳಿಗೂ ಅಷ್ಟೇ ಜಾಗ ಕೊಡಬೇಕು. ಮಂಡಳಿಯ ಆಯ್ಕೆಗೆ ಪ್ರಾಕ್ಸಿಯ ಬದಲು ಎರಡು ಲಕೋಟೆಗಳ ಮತಪತ್ರ ಬಳಸಬೇಕು. ಸಂಘದಿಂದ ಸಂಬಳ ಅಥವಾ ಗುತ್ತಿಗೆ ಪಡೆಯದವರು ಮತ ಎಣಿಸಬೇಕು, ಅದೂ ಎಲ್ಲರ ಮುಂದೆ. ಮತಪತ್ರಗಳನ್ನು ಒಂದು ವರ್ಷವಾದರೂ ಜೋಪಾನವಾಗಿಟ್ಟು, ಸಂದೇಹ ಬಂದವರಿಗೆ ಮರುಎಣಿಕೆಯ ದಾರಿ ತೆರೆದಿರಬೇಕು. ಕಂಪ್ಯೂಟರಿನ ಮೂಲಕ ಮತ ಪಡೆಯುವ ಸಂಘಗಳು ಹಿರಿಯರಿಗಾಗಿ ಕಾಗದದ ಮತಪತ್ರವನ್ನೂ ಉಳಿಸಿಕೊಳ್ಳಬೇಕು.

ನಮ್ಮ ಬಡಾವಣೆಯಲ್ಲಿ ಇವುಗಳಲ್ಲಿ ಕೆಲವನ್ನು ತರಲು ಎರಡು ವರ್ಷ ಹಿಡಿಯಿತು. ಮನೆಮನೆಗೂ ಹೋಗಿ ಸಹಿ ಸಂಗ್ರಹಿಸಬೇಕಾಯಿತು. ಹತ್ತು ವರ್ಷ ಮುಖ ನೋಡಿ ನಕ್ಕು ಮುಂದೆ ಹೋಗಿದ್ದ ನೆರೆಯವರ ಹೆಸರನ್ನು ಆಗಲೇ ಕೇಳಿ ತಿಳಿದುಕೊಂಡೆವು. ಹೊಸ ವಿಧಾನದ ಮೊದಲ ಚುನಾವಣೆಯಲ್ಲಿ ಹಳೆಯ ಅಧ್ಯಕ್ಷರೇ ಮತ್ತೆ ಗೆದ್ದರು. ನಾವು ಅವರಿಗೆ ಮತ ಹಾಕಿರಲಿಲ್ಲ. ಆದರೆ ಎಣಿಕೆಯನ್ನು ಕಣ್ಣಾರೆ ನೋಡಿದ್ದೆವು. ಸಭೆ ಮುಗಿದ ಮೇಲೆ ಅವರ ಕೈಕುಲುಕಿ ಅಭಿನಂದಿಸಲು ನಮಗೆ ಸಂಕೋಚವಾಗಲಿಲ್ಲ. ಮುಂದಿನ ಗುತ್ತಿಗೆಗೆ ಮೂವರಿಂದ ದರ ತರಿಸಿ, ಅದನ್ನು ಸದಸ್ಯರ ಮುಂದಿಟ್ಟವರೂ ಅವರೇ.

ಕೊನೆಯದಾಗಿ ಒಂದು ಮಾತು. ಈ ದೇಶದ ಕನ್ನಡ ಕೂಟಗಳಲ್ಲಿ ಅನೇಕವು ಕಾನೂನಿನ ಲೆಕ್ಕದಲ್ಲಿ ಅದೇ ಲಾಭರಹಿತ ಸಂಸ್ಥೆಗಳು. ಅವುಗಳಿಗೂ ಬೈಲಾ ಇದೆ, ಕೋರಂ ಇದೆ, ಯುಗಾದಿಯ ಊಟ ಮುಗಿದ ಮೇಲೆ ಕೈ ಎತ್ತಿಸಿ ಮುಗಿಸುವ ಚುನಾವಣೆಯೂ ಇದೆ. ಬೆಂಗಳೂರು, ಮೈಸೂರುಗಳಲ್ಲಿ ಫ್ಲ್ಯಾಟು ಕೊಂಡಿರುವ ನಮ್ಮಲ್ಲಿ ಕೆಲವರು ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ರಚಿತವಾದ ಸಂಘಗಳಿಗೂ ಸದಸ್ಯರು; ಅಲ್ಲಿಗೂ ಇಲ್ಲಿಂದ ಸಹಿ ಹಾಕಿದ ಕಾಗದ ಕಳುಹಿಸುವವರು. ಪರಸ್ಪರ ಬಲ್ಲವರ ನಡುವೆ ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದು ಕೇಳುವುದುಂಟು. ಬಲ್ಲವರ ನಡುವೆ ಸ್ನೇಹ ಉಳಿಯಬೇಕಾದರೆ ಲೆಕ್ಕ ಶುದ್ಧವಾಗಿರಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲರು.

ಮುಂದಿನ ಸಲ ನಿಮ್ಮ ಮನೆಗೆ ಸಂಘದ ಲಕೋಟೆ ಬಂದಾಗ, ದಯವಿಟ್ಟು ಅದನ್ನು ಜಾಹೀರಾತುಗಳ ಜೊತೆ ಎಸೆಯಬೇಡಿ. ತೆರೆದು ಓದಿ. ಖಾಲಿ ಜಾಗವಿದ್ದರೆ ನೀವೇ ತುಂಬಿ. ಸಾಧ್ಯವಾದರೆ ಎಣಿಕೆಯ ಸಂಜೆ ಅಲ್ಲಿ ಹೋಗಿ ಕುಳಿತುಕೊಳ್ಳಿ.